ಪುಲಿ, ಹುಲಿ ಮತ್ತು ಗ್ರೀಕ್ ಬೇರುಗಳು

ಹಾಸನೂರಿನ ಸುತ್ತಮುತ್ತ ಅರಣ್ಯ ಇಲಾಖೆಯ ಫಲಕಗಳಿಗೆ ಬರವಿಲ್ಲ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತಲ್ಲ, ಫಲಕಗಳಲ್ಲಿ ತಮಿಳಿನಲ್ಲಿ ‘ಪುಲಿಗಳ್ ಕಾಪ್ಪಗಂ’ ಎಂದಿರುತ್ತದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಅದನ್ನು ಓದಿ ‘ಹುಲಿ’ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಅವರಿಗೆ ಇದನ್ನು ಯಾರೂ ಪಾಠ ಮಾಡಿ ಹೇಳಿಕೊಟ್ಟಿಲ್ಲ. ಪಾಲ್ ಎಂದರೆ ಹಾಲು, ಪಲ್ ಎಂದರೆ ಹಲ್ಲು, ಪೂ ಎಂದರೆ ಹೂ. ಅತ್ತ ‘ಪ’ ಇದ್ದಲ್ಲಿ ಇತ್ತ ‘ಹ’ ಇರುತ್ತದೆ ಎಂಬ ಸೂತ್ರವನ್ನು ಅಂಗಡಿ, ಬಸ್ಸು, ಸಂತೆಗಳಲ್ಲಿ ಅವರೇ ಕಂಡುಕೊಂಡಿದ್ದಾರೆ.

ಇಂಥ ಮಕ್ಕಳ ಬಗ್ಗೆಯೇ ಪೋಷಕರೊಬ್ಬರು ಬಂದು ನಮ್ಮನ್ನು ಕೇಳಿದರು: “ಮೇಷ್ಟ್ರೇ, ಕನ್ನಡದಲ್ಲಿ ಓದುದ್ರೆ ಇಂಗ್ಲೀಷು ಎಲ್ಲಿಂದ ಬತ್ತದೆ?” ಅವರು ಬಂದಿದ್ದು ಮಗಳ ವರ್ಗಾವಣೆ ಪತ್ರಕ್ಕೆ. ನಮ್ಮ ಬಳಿ ಆ ದಿನ ಸರಿಯಾದ ಉತ್ತರ ಇರಲಿಲ್ಲ. ಕಾರಣ, ನಾವು ಇಂಗ್ಲಿಷ್ ಪದ ಕಲಿಸುತ್ತಿದ್ದ ರೀತಿ ನಮಗೇ ಗೊತ್ತಿತ್ತು. ಸಮಾನಾರ್ಥಕ ಪದಗಳ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆಯುವುದು, ಹತ್ತು ಸಲ ಬರೆದು ತರಲು ಹೇಳುವುದು, ಪರೀಕ್ಷೆ ಮುಗಿದ ಮರುದಿನ ಮಕ್ಕಳು ಅದನ್ನು ಮರೆಯುವುದು! ತಪ್ಪು ಕನ್ನಡದ್ದಲ್ಲ, ಪಟ್ಟಿಯದು. ಅದನ್ನೇ ಇಲ್ಲಿ ವಿವರವಾಗಿ ಹೇಳಬೇಕೆನಿಸಿದೆ.

‘ಸಿನೊನಿಮ್’ ಎಂಬ ಪದವನ್ನೇ ತೆಗೆದುಕೊಳ್ಳಿ. ಇದು ಗ್ರೀಕ್ ಪದ. ‘ಸಿನ್’ ಎಂದರೆ ಜೊತೆಗೆ, ‘ಒನಿಮ’ ಎಂದರೆ ಹೆಸರು. ನಮ್ಮ ‘ನಾಮ’ಕ್ಕೂ ಆ ‘ಒನಿಮ’ಕ್ಕೂ ರಕ್ತಸಂಬಂಧವಿದೆ. ‘ಆಂಟಿ’ ಎಂದರೆ ವಿರುದ್ಧ, ಹಾಗಾಗಿ ‘ಆಂಟೊನಿಮ್’ ವಿರುದ್ಧ ಪದ. ‘ಅನಾನಿಮಸ್’ ಎಂದರೆ ಹೆಸರಿಲ್ಲದ, ಅಂದರೆ ಅನಾಮಧೇಯ. ಗ್ರೀಕಿನಲ್ಲಿ ‘ಇಲ್ಲ’ ಎನ್ನಲು ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’ ಬರುತ್ತದೆ. ನಮ್ಮ ಮಕ್ಕಳು ಸಂಸ್ಕೃತದಿಂದ ಬಂದ ಪದಗಳಲ್ಲಿ ಕಲಿತಿರುವುದೂ ಇದೇ ನಿಯಮ: ಅಶಾಂತಿ, ಅನ್ಯಾಯ, ಆದರೆ ಅನರ್ಥ, ಅನಾರೋಗ್ಯ. ಶಾಲೆಯಲ್ಲಿ ಕಬ್ಬಿಣಾಂಶದ ಮಾತ್ರೆ ಕೊಡುವಾಗ ಕೇಳುವ ‘ಅನೀಮಿಯಾ’ ಕೂಡ ಹೀಗೆಯೇ. ಅನ್ ಎಂದರೆ ಇಲ್ಲ, ‘ಹೈಮ’ ಎಂದರೆ ರಕ್ತ. ರಕ್ತಹೀನತೆ! ಹೀಗೆ ಬಿಡಿಸಿ ತೋರಿಸಿದ ಮೇಲೆ ಅದನ್ನು ಹತ್ತು ಸಲ ಬರೆಸುವ ಅಗತ್ಯ ನಮಗೆ ಕಾಣಲಿಲ್ಲ.

ಇಲ್ಲೇ ನಮ್ಮ ಗಡಿಯ ಮಕ್ಕಳ ‘ಪುಲಿ-ಹುಲಿ’ ಜಾಣ್ಮೆ ಕೆಲಸಕ್ಕೆ ಬರುತ್ತದೆ. ಸಂಸ್ಕೃತದಲ್ಲಿ ‘ಸ’ ಇರುವ ಹಲವು ಕಡೆ ಗ್ರೀಕಿನಲ್ಲಿ ‘ಹ’ ಇರುತ್ತದೆ. ಸಪ್ತ ಅಲ್ಲಿ ‘ಹೆಪ್ಟ’, ಸಮ ಅಲ್ಲಿ ‘ಹೋಮೊ’. ಸರ್ಪಕ್ಕೆ ಹತ್ತಿರದ ಪದ ‘ಹೆರ್ಪೆಟಾನ್’, ಅಂದರೆ ತೆವಳುವ ಪ್ರಾಣಿ. ಹಾವು, ಹಲ್ಲಿ, ಕಪ್ಪೆಗಳ ಅಧ್ಯಯನಕ್ಕೆ ‘ಹರ್ಪಿಟಾಲಜಿ’ ಎಂಬ ಹೆಸರು ಬಂದದ್ದು ಅದರಿಂದ. ಪ ಮತ್ತು ಹ ಅದಲುಬದಲಾಗುವುದನ್ನು ದಿನವೂ ಕೇಳುವ ಮಗುವಿಗೆ ಸ ಮತ್ತು ಹ ಅದಲುಬದಲಾಗುವುದು ವಿಚಿತ್ರವೆನಿಸುವುದಿಲ್ಲ.

ಒಂದು ಎಚ್ಚರಿಕೆ. ಇದನ್ನು ಕೇಳಿ ‘ಗ್ರೀಕ್ ಹುಟ್ಟಿದ್ದೇ ಸಂಸ್ಕೃತದಿಂದ’ ಎಂದು ಎದೆಯುಬ್ಬಿಸುವವರಿದ್ದಾರೆ. ಹಾಗಲ್ಲ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಹೇಳಿದ್ದು, ಇವೆರಡೂ ಒಂದೇ ಮೂಲದಿಂದ ಬಂದಿರಬೇಕು ಎಂದು; ಒಂದು ಇನ್ನೊಂದರ ತಾಯಿ ಎಂದಲ್ಲ. ಕನ್ನಡ, ತಮಿಳು, ತೆಲುಗುಗಳು ಬೇರೆಯೇ ಒಂದು ಕುಟುಂಬ ಎಂದು 1816ರಲ್ಲಿ ತೋರಿಸಿಕೊಟ್ಟವರು ಮದರಾಸಿನಲ್ಲಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್. ಹುಲಿ, ಹಾಲು ನಮ್ಮ ಮನೆಯ ಸಂಬಂಧ. ಸಪ್ತ, ಸಮ ನಮ್ಮ ಮನೆಗೆ ಬಂದು ನೆಲೆಸಿದವರ ಸಂಬಂಧ. ಕನ್ನಡ ಕಲಿತ ಮಗುವಿಗೆ ಎರಡೂ ಕಡೆ ನೆಂಟರಿದ್ದಾರೆ.

ಗ್ರೀಕ್ ಪದಗಳು ನಮಗೆ ಹೊಸತೂ ಅಲ್ಲ. ‘ಆರೋಗ್ಯ ಕೇಂದ್ರ’ ಎನ್ನುತ್ತೇವಲ್ಲ, ಆ ‘ಕೇಂದ್ರ’ ಗ್ರೀಕಿನ ‘ಕೆಂಟ್ರಾನ್’ ಪದ. ಜ್ಯೋತಿಷ, ಖಗೋಳಗಳ ಜೊತೆ ಸಂಸ್ಕೃತಕ್ಕೆ ಬಂದು ನಮ್ಮಲ್ಲಿ ಉಳಿದುಕೊಂಡಿತು. ಅದೇ ಪದ ಲ್ಯಾಟಿನ್ ದಾರಿಯಲ್ಲಿ ಹೋಗಿ ಇಂಗ್ಲಿಷಿನ ‘ಸೆಂಟರ್’ ಆಯಿತು. ನಾವು ದಿನವೂ ನೋಡುವ ಆನೆಗೆ ಇಂಗ್ಲಿಷಿನವರು ಇಟ್ಟ ‘ಎಲಿಫೆಂಟ್’ ಎಂಬ ಹೆಸರೂ ಗ್ರೀಕಿನ ‘ಎಲೆಫಾಸ್’ನಿಂದ ಬಂದದ್ದೇ. ನಾವು ನೀರಾನೆ ಎನ್ನುವ ಪ್ರಾಣಿ ಗ್ರೀಕರಿಗೆ ಹೊಳೆಯ ಕುದುರೆಯಂತೆ ಕಂಡಿತು. ‘ಹಿಪ್ಪೊ’ ಕುದುರೆ, ‘ಪೊಟಮಸ್’ ಹೊಳೆ.

ಇನ್ನು ಸಮಾನಾರ್ಥಕಗಳ ವಿಷಯ. ‘ಸಿಂಪಥಿ’ಯಲ್ಲಿ ‘ಸಿನ್’ ಜೊತೆಗೆ, ‘ಪಾಥೋಸ್’ ಅನುಭವ ಅಥವಾ ನೋವು. ಲ್ಯಾಟಿನ್ನಿನ ‘ಕಂಪ್ಯಾಷನ್’ ಪದವೂ ಅದೇ ಅಚ್ಚಿನದು. ನಮ್ಮ ಸಹಾನುಭೂತಿಯ ಅಚ್ಚೂ ಅದೇ. ಬೇರು ಒಂದು ಗೊತ್ತಾದರೆ ಎಂಪಥಿ (ಇನ್ನೊಬ್ಬರ ಅನುಭವದೊಳಗೆ ಹೋಗುವುದು), ಆಂಟಿಪಥಿ (ವಿರೋಧ ಭಾವ), ಅಪಥಿ (ಯಾವ ಭಾವವೂ ಇಲ್ಲದಿರುವುದು) ಎಲ್ಲವೂ ಬಿಚ್ಚಿಕೊಳ್ಳುತ್ತವೆ. ಆದರೆ ಸಮಾನಾರ್ಥಕ ಎಂದ ಮಾತ್ರಕ್ಕೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾಗದು. ಬಾಯಾರಿದವರು ‘ನೀರು ಕೊಡಿ’ ಎನ್ನುತ್ತಾರೆ, ‘ಜಲ ಕೊಡಿ’ ಎನ್ನುವುದಿಲ್ಲ. ಕಣ್ಣಿಗೆ ಧೂಳು ಬೀಳುತ್ತದೆ, ನೇತ್ರಕ್ಕಲ್ಲ. ಇಂಗ್ಲಿಷಿನಲ್ಲೂ ಮನೆಮಾತಿಗೆ ‘ಹಾರ್ಟ್’, ಆಸ್ಪತ್ರೆಗೆ ಗ್ರೀಕಿನ ‘ಕಾರ್ಡಿಯಾಕ್’. ಪಟ್ಟಿ ಕಲಿಸದ ಈ ವ್ಯತ್ಯಾಸವನ್ನು ಕನ್ನಡ ಬಲ್ಲ ಮಗು ಒಂದು ಉದಾಹರಣೆಯಲ್ಲಿ ಹಿಡಿಯುತ್ತದೆ.

ಬೇರುಗಳಿಂದ ಪದ ಕಲಿಸುವುದು ನಮ್ಮ ಶೋಧವೇನಲ್ಲ. 1949ರಲ್ಲಿ ಬಂದ ನಾರ್ಮನ್ ಲೂಯಿಸ್ ಅವರ ‘ವರ್ಡ್ ಪವರ್ ಮೇಡ್ ಈಸಿ’ ಪುಸ್ತಕದ ದಾರಿಯೇ ಅದು. ಆದರೆ ಅದು ಇಂಗ್ಲಿಷ್ ಬಲ್ಲವರಿಗೆ ಬರೆದ ಪುಸ್ತಕ. ನಮ್ಮ ಮಕ್ಕಳಿಗೆ ಆ ದಾರಿ ಕನ್ನಡದಿಂದ ಶುರುವಾಗಬೇಕು.

ಈ ದಾರಿಗೂ ಮಿತಿಗಳಿವೆ, ಮುಚ್ಚಿಡಬಾರದು. ಇಂಗ್ಲಿಷಿನ ಅನುದಿನದ ಪದಗಳಾದ ಗೋ, ಕಮ್, ವಾಟರ್, ಹೌಸ್ ಗ್ರೀಕಿನಿಂದ ಬಂದವಲ್ಲ. ಅವನ್ನು ಆಡಿಯೇ ಕಲಿಯಬೇಕು. ಹಾಗಾಗಿ ಎಂಟನೆಯ ತರಗತಿಗಿಂತ ಮೊದಲು ಬೇರುಗಳ ಗೊಡವೆ ಬೇಡ. ಕೆಲವು ಬೇರುಗಳು ಮೋಸವನ್ನೂ ಮಾಡುತ್ತವೆ. ‘ಪೆಡಲ್’ನಲ್ಲಿ ಇರುವುದು ಲ್ಯಾಟಿನ್ ಪಾದ, ‘ಪೀಡಿಯಾಟ್ರಿಷಿಯನ್’ನಲ್ಲಿ ಇರುವುದು ಗ್ರೀಕ್ ಮಗು. ಊಹೆಯನ್ನು ನಿಘಂಟಿನಲ್ಲಿ ನೋಡದಿದ್ದರೆ ಮಕ್ಕಳ ವೈದ್ಯರು ಕಾಲಿನ ವೈದ್ಯರಾಗಿಬಿಡುತ್ತಾರೆ!

ಇನ್ನೊಂದು ಮಿತಿ ನಮ್ಮದೇ. ಪಠ್ಯಪುಸ್ತಕದ ಕನ್ನಡ ಮನೆಯ ಕನ್ನಡವಲ್ಲ. ಸೋಲಿಗರ ಹಾಡಿಯಿಂದ ಬರುವ ಮಗುವಿಗೆ ‘ಫೋಟೋಸಿಂಥೆಸಿಸ್’ ಎಷ್ಟು ದೂರವೋ ‘ದ್ಯುತಿಸಂಶ್ಲೇಷಣೆ’ಯೂ ಅಷ್ಟೇ ದೂರ. ನಾವು ಕನ್ನಡ ಪದವನ್ನು ಬಾಯಿಪಾಠ ಮಾಡಿಸಿ, ಅದರ ಮೇಲೆ ಇಂಗ್ಲಿಷ್ ಪದವನ್ನು ಬಾಯಿಪಾಠ ಮಾಡಿಸಿದರೆ ಎರಡು ಹೊರೆಯಾಯಿತಷ್ಟೆ. ಮೊದಲು ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಒಟ್ಟುಗೂಡಿಸುವುದು ಎಂದು ಬಿಡಿಸಬೇಕು. ಆಮೇಲೆ ಫೋಟೋ ಬೆಳಕು, ಸಿನ್ ಒಟ್ಟಿಗೆ, ಥೆಸಿಸ್ ಇಡುವುದು. ಎಲೆ ಬೆಳಕಿನಿಂದ ತನ್ನ ಆಹಾರವನ್ನು ಕೂಡಿಸಿಕೊಳ್ಳುತ್ತದೆ ಎಂಬ ಒಂದೇ ಮಾತು ಎರಡೂ ಪದಗಳಲ್ಲಿ ಇದೆ ಎಂದು ಮಗುವಿಗೆ ಕಾಣಬೇಕು.

ನಮ್ಮ ಸಲಹೆ ಸರಳ. ವಾರಕ್ಕೆ ಒಂದೇ ಬೇರು, ಬೋರ್ಡಿನ ಮೂಲೆಯಲ್ಲಿ. ಆ ವಾರದ ಪಾಠದಲ್ಲಿ ಬರುವ ಪದವೇ ಆಗಿರಲಿ. ಮೊದಲು ಕನ್ನಡ ಪದ, ನಂತರ ಇಂಗ್ಲಿಷ್: ದೂರವಾಣಿ, ಟೆಲಿಫೋನ್, ಪಂಚಭುಜ, ಪೆಂಟಗನ್. ಗಣಿತ, ವಿಜ್ಞಾನದ ಶಿಕ್ಷಕರೂ ಕೈಜೋಡಿಸಲಿ. ಉಳಿದ ಪದಗಳನ್ನು ಮಕ್ಕಳೇ ಅಂಗಡಿ ಫಲಕದಿಂದ, ಔಷಧಿ ಪೊಟ್ಟಣದಿಂದ ಹುಡುಕಿ ತರಲಿ.

2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳ ಮುಂದೆ ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಇವೆ. ಮೂರನ್ನು ಮೂರು ಮೂಟೆಗಳಾಗಿ ಹೊರಿಸಿದರೆ ಅವರು ಕುಸಿಯುತ್ತಾರೆ. ಒಂದರ ಎಳೆ ಹಿಡಿದು ಇನ್ನೊಂದನ್ನು ಎಳೆದುಕೊಳ್ಳುವುದನ್ನು ತೋರಿಸಿದರೆ ನಡೆಯುತ್ತಾರೆ. ಆ ಪೋಷಕರು ಇಂದು ಬಂದಿದ್ದರೆ ಫಲಕದ ‘ಪುಲಿ’ಯನ್ನು ತೋರಿಸಿ ಹೇಳುತ್ತಿದ್ದೆವು: “ನಿಮ್ಮ ಮಗಳಿಗೆ ಇದು ಆಗಲೇ ಬರುತ್ತದೆ ಅಣ್ಣ. ಇಂಗ್ಲಿಷ್ ಬರುವುದೂ ಇಲ್ಲಿಂದಲೇ.”