ನೂರು ವರ್ಷದ ದೀಪ ಅಂತೆ, ಪ್ಲಗ್ ನೋಡಿದ್ರಾ?

(1/4)

"ನೂರು ವರ್ಷ ಹಳೇ ಬ್ರಿಟಿಷ್ ಕಾಲದ ಮೋಷನ್ ಲ್ಯಾಂಪ್. ಒಂದೇ ಪೀಸ್ ಇರೋದು. 65 ಸಾವಿರ. ಡಿಎಂ ಮಾಡಿ."

ಈ ಥರದ ರೀಲು ಈ ತಿಂಗಳು ನನ್ನ ಫೀಡಲ್ಲಿ ಎಷ್ಟು ಸಲ ಬಂತೋ ಲೆಕ್ಕ ಬಿಟ್ಟಿದ್ದೀನಿ. ಕೆಳಗೆ ನೋಡಿದ್ರೆ ನಮ್ಮ ಕ್ಲಾಸಿನವರದ್ದೇ ಬೆಂಕಿ ಎಮೋಜಿ. ಹಾಗಾಗಿ ಇವತ್ತು ತೋಟದ ಫೋಟೋ ಇಲ್ಲ, ನೊಣವಿನಕೆರೆ ಏರಿ ಮೇಲಿನ ಸಂಜೆನೂ ಇಲ್ಲ. ನಾಲ್ಕು ಕ್ಯಾಪ್ಶನ್ ಇದೆ. ಪೂರ್ತಿ ಓದ್ರಪ್ಪ, ಬೈಯೋದಿದ್ರೆ ಆಮೇಲೆ ಬೈರಿ.

ಮೋಷನ್ ಲ್ಯಾಂಪ್ ಅಂದ್ರೆ ಸ್ವಿಚ್ ಹಾಕಿದ ಮೇಲೆ ಚಿತ್ರ ಓಡಾಡೋ ಹಾಗೆ ಕಾಣೋ ದೀಪ. ನೀರು ಧುಮುಕುತ್ತೆ, ಕಾಡಿಗೆ ಬೆಂಕಿ ಹತ್ತುತ್ತೆ, ರೈಲಿನ ಹೊಗೆ ಏಳುತ್ತೆ. ಇದರ ತಮ್ಮಂದಿರನ್ನ ನೀವೆಲ್ಲ ನೋಡಿದ್ದೀರ. ಕಟಿಂಗ್ ಶಾಪಿನ ಗೋಡೆ ಮೇಲೆ ಇಪ್ಪತ್ನಾಲ್ಕು ಗಂಟೆ ನೀರು ಬೀಳ್ತಿದ್ದ ಜಲಪಾತ, ಹೋಟೆಲ್ ಗಲ್ಲಾ ಹಿಂದೆ ತಲೆ ಸುತ್ತ ಬಣ್ಣದ ಚಕ್ರ ತಿರುಗ್ತಿದ್ದ ತಿಮ್ಮಪ್ಪ. ನನಗೆ ಅವು ಇವತ್ತಿಗೂ ಇಷ್ಟ. ನನ್ನ ಜಗಳ ದೀಪದ ಜೊತೆ ಅಲ್ಲ. ಅದರ ಪಕ್ಕ ಬಾಯಿಗೆ ಬಂದ ವಯಸ್ಸು, ಮನಸ್ಸಿಗೆ ಬಂದ ಬೆಲೆ ಬರೆಯೋರ ಜೊತೆ. ಅದನ್ನ ಪರೀಕ್ಷೆ ಮಾಡದೆ ಶೇರ್ ಮಾಡೋ ನಮ್ಮವರ ಜೊತೆ.

(2/4)

ಈ ದೀಪಗಳಲ್ಲಿ ಎರಡು ಜಾತಿ. ಇದು ಗೊತ್ತಿದ್ರೆ ಅರ್ಧ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತೆ.

ಒಂದು, ಬಿಸಿಗಾಳಿಯಲ್ಲಿ ತಿರುಗೋದು. ಮಧ್ಯೆ ಬಲ್ಬು, ಅದರ ಸುತ್ತ ತೆಳು ಸಿಲಿಂಡರ್, ತಲೆ ಮೇಲೆ ಫ್ಯಾನ್ ರೆಕ್ಕೆ ಥರ ಕತ್ತರಿಸಿದ ಮುಚ್ಚಳ. ಇಷ್ಟೂ ಒಂದು ಸೂಜಿಮೊನೆ ಮೇಲೆ ಕೂತಿರುತ್ತೆ. ಬಲ್ಬಿನ ಬಿಸಿಗೆ ಗಾಳಿ ಮೇಲೇಳುತ್ತೆ, ರೆಕ್ಕೆ ತಿರುಗುತ್ತೆ, ಜೊತೆಗೆ ಸಿಲಿಂಡರೂ ತಿರುಗುತ್ತೆ. ಹೊರಗಿನ ಚಿತ್ರ ಮಾತ್ರ ನಿಂತಲ್ಲೇ ಇರುತ್ತೆ. ಒಳಗಿನ ಗೆರೆಗಳ ನೆರಳು ಅದರ ಮೇಲೆ ಹಾಯ್ದಾಗ ನೀರು ಹರಿದ ಹಾಗೆ ಕಾಣುತ್ತೆ. ಮೋಟಾರೇ ಇಲ್ಲ. ಇದೇ ಉಪಾಯದಲ್ಲಿ ಚೀನಾದವರು ಸಾಂಗ್ ರಾಜರ ಕಾಲದಲ್ಲೇ ಎಣ್ಣೆ, ಮೇಣದ ದೀಪದ ಬಿಸಿಗೆ ಕಾಗದದ ಕುದುರೆ ಓಡಿಸ್ತಿದ್ರು. ಬಲ್ಬಿನ ದೀಪಗಳು ಅಮೆರಿಕದಲ್ಲಿ ಹೆಸರು ಮಾಡಿದ್ದು 1920ರ ದಶಕದಿಂದ ಈಚೆಗೆ. ಶಿಕಾಗೋದ ಸೀನ್ ಇನ್ ಆಕ್ಷನ್ ಕಂಪನಿ ಆಮೇಲೆ ಲಾಸ್ ಏಂಜಲೀಸಿನ ಎಕನೊಲೈಟ್, ಈ ಎರಡು ಹೆಸರು ನೆನಪಿಟ್ಕೊಳ್ಳಿ. ಎಕನೊಲೈಟ್‌ನ ನಯಾಗರ ಜಲಪಾತದ ದೀಪದ ಮೇಲೆ 1955 ಅಂತ ಇಸವಿನೇ ಅಚ್ಚಾಗಿರುತ್ತೆ. ಓದೋಕೆ ಕಣ್ಣಿದ್ರೆ ಸಾಕು.

ಇನ್ನೊಂದು ಮೋಟಾರಿಂದು. ನಮ್ಮ ಕಟಿಂಗ್ ಶಾಪಿನ ಜಲಪಾತ ಈ ಜಾತಿ. ಹಿಂದೆ ಪುಟ್ಟ ಮೋಟಾರು, ಗೆರೆ ಗೆರೆ ಹಾಳೆ, ಒಂದು ಲೈಟು. ರೀಲಲ್ಲಿ ಸಣ್ಣಗೆ ಗುಂಯ್ ಅಂತ ಸದ್ದು ಕೇಳಿದ್ರೆ "ಬಿಸಿಗಾಳಿ ದೀಪ" ಅನ್ನೋ ಕಥೆ ಅಲ್ಲಿಗೆ ಮುಗೀತು. ಅದಕ್ಕೇ ಏನೋ, ಎಲ್ಲದರ ಮೇಲೂ ಹಿಂದಿ ಹಾಡು ಹಾಕಿರ್ತಾರೆ.

ಇಲ್ಲೊಂದು ಸಂಕಟದ ವಿಷಯ ಹೇಳ್ಬೇಕು. 2015ರಲ್ಲಿ ಉಜಾಲ ಯೋಜನೆ ಶುರುವಾದ ಮೇಲೆ ಮನೆಮನೆಗೂ ಎಲ್‌ಇಡಿ ಬಂತು. ಕರೆಂಟ್ ಬಿಲ್ಲಿಗೆ ಒಳ್ಳೇದೇ. ಆದ್ರೆ ಎಲ್‌ಇಡಿ ಬಲ್ಬಿನ ಬಿಸಿ ಆ ರೆಕ್ಕೆಗೆ ಸಾಲಲ್ಲ. ದೀಪ ಹತ್ತುತ್ತೆ, ತಿರುಗಲ್ಲ. "ಕೆಟ್ಟೋಗಿದೆ" ಅಂತ ಪ್ಲಾಸ್ಟಿಕ್ ರೇಟಲ್ಲಿ ಗುಜರಿಯವನ ಗಾಡಿಗೆ ಹೋಗುತ್ತೆ. ಕೆಟ್ಟಿರೋದು ಏನೂ ಇಲ್ಲ ಕಣ್ರೋ! ಒಳಗಡೆ ಬರೆದಿರೋ ವಾಟ್ ಮೀರದ ಹಳೇ ತಂತಿ ಬಲ್ಬು ಹಾಕಿ, ಸಮ ನೆಲದ ಮೇಲಿಟ್ಟು ಹತ್ತು ನಿಮಿಷ ಕಾಯಿರಿ. ವಾಟ್ ಜಾಸ್ತಿ ಹಾಕಿದ್ರೆ ಸಿಲಿಂಡರ್ ಸುಟ್ಟು ಸೊಟ್ಟಗಾಗುತ್ತೆ, ಅದನ್ನ ಯಾರೂ ಸರಿ ಮಾಡೋಕಾಗಲ್ಲ.

(3/4)

ಈಗ ವಯಸ್ಸು. ದೀಪದ ಮುಖ ನೋಡ್ಬೇಡಿ, ಬೆನ್ನು ನೋಡಿ.

ನಿಜವಾದ ಅಮೆರಿಕದ ದೀಪಕ್ಕೆ ತಿರುಪಿನ ಹೋಲ್ಡರ್ ಇರುತ್ತೆ, ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ, 110 ಇಲ್ಲ 120 ವೋಲ್ಟ್ ಅಂತ ಬರಹ. ನಮ್ಮ ಥರ ಪಿನ್ ಹೋಲ್ಡರು, ಗುಂಡು ಕಡ್ಡಿ ಪ್ಲಗ್ ಇದ್ರೆ ಒಂದೋ ಅದು ಇಲ್ಲಿಯ ಮಾಲು, ಇಲ್ಲವೇ ಯಾರೋ ವೈರ್ ಬದಲಾಯಿಸಿದ್ದಾರೆ. ಬದಲಾಯಿಸೋದು ತಪ್ಪಲ್ಲ, ಹೇಳದೆ ಮಾರೋದು ತಪ್ಪು. ಇನ್ನೊಂದು, ಆ ದೀಪನ ಹಾಗೇ ನಮ್ಮ 230 ವೋಲ್ಟಿಗೆ ಚುಚ್ಚಿದ್ರೆ ಬಲ್ಬು ಢಮಾರ್.

ಲೇಬಲ್ಲು, ಡಬ್ಬ ಸಿಕ್ಕಿದ್ರಂತೂ ಹಬ್ಬ. ವಿಳಾಸದಲ್ಲಿ ಆರಂಕಿ ಪಿನ್ ಕೋಡ್ ಇದ್ರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದು ಆಗೋಕೆ ಸಾಧ್ಯವೇ ಇಲ್ಲ. "ಮೈಸೂರು ರಾಜ್ಯ" ಬದಲು "ಕರ್ನಾಟಕ" ಅಂತಿದ್ರೆ 1973ರ ನವೆಂಬರ್ ಆದ ಮೇಲಿನದು. ಬೆಲೆ ಆಣೆಯಲ್ಲಿದ್ರೆ ಸ್ವಲ್ಪ ಗೌರವ ಕೊಡಿ, ಯಾಕಂದ್ರೆ ನಯಾಪೈಸೆ ಬಂದಿದ್ದು 1957ರಲ್ಲಿ. ₹ ಚಿಹ್ನೆ ಇದ್ರೆ ನಗಬಹುದು, ಅದು 2010ರದ್ದು. ಮೊನ್ನೆ ಒಂದು "ಬ್ರಿಟಿಷ್ ಕಾಲದ" ದೀಪದ ರೀಲು ನಿಲ್ಲಿಸಿ ಝೂಮ್ ಮಾಡಿದ್ರೆ ತಳದಲ್ಲಿ ಬಾರ್‌ಕೋಡ್!

ಇನ್ನು "ನಮ್ಮ ಹಳ್ಳಿ ಮನೇಲಿ 1890ರಿಂದ ಉರೀತಿರೋ ಎಲೆಕ್ಟ್ರಿಕ್ ದೀಪ" ಅಂತಾನೂ ಒಬ್ಬ ಬರೆದಿದ್ದಾನೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ಬಂದಿದ್ದು 1905ರಲ್ಲಿ. ಹಳ್ಳಿಗಳಿಗೆ ಅದಾಗಿ ಎಷ್ಟೋ ದಶಕ ಬೇಕಾಯ್ತು. ಇವನ ದೀಪ ಯಾವ ತಂತಿಯಿಂದ ಉರೀತಿತ್ತು ಅಂತ ಕೇಳಿದೆ. ಬ್ಲಾಕ್ ಮಾಡಿದ.

ನಿಜವಾಗ್ಲೂ ನೂರು ವರ್ಷ ಆಗಿದೆ ಅನ್ನೋರಿಗೂ ಒಂದು ಪ್ರಶ್ನೆ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಪುರಾವಸ್ತು ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು. ಎಲ್ಲಿದೆ, ತೋರಿಸಿ. ಈ ಪ್ರಶ್ನೆ ಕೇಳಿದ ಐದು ನಿಮಿಷಕ್ಕೆ ದೀಪದ ವಯಸ್ಸು ಅರವತ್ತಕ್ಕೆ ಇಳಿಯುತ್ತೆ, ಬೇಕಾದ್ರೆ ನೋಡಿ.

(4/4)

ಬೆಲೆ ವಿಷಯಕ್ಕೆ ಬರೋಣ. ನಾವು ಕೊಬ್ಬರಿ ನಾಡಿನೋರು. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿನ ಕಿವಿ ಹತ್ರ ಅಲ್ಲಾಡಿಸಿ, ಒಳಗೆ ಬಿಟ್ಕೊಂಡಿದ್ಯೋ ಇಲ್ವೋ ನಮ್ಮಜ್ಜಿ ಹೇಳ್ತಾರೆ. ತಿಪಟೂರು ಎಪಿಎಂಸಿಗೆ ಹೋಗಿ "ನನ್ನ ಕೊಬ್ಬರಿಗೆ ಕ್ವಿಂಟಾಲಿಗೆ ಲಕ್ಷ" ಅಂತ ಯಾರಾದ್ರೂ ಬೋರ್ಡ್ ಹಾಕ್ಕೊಂಡ್ರೆ ಅದು ರೇಟ್ ಆಗುತ್ತಾ? ಟೆಂಡರಲ್ಲಿ ಎಷ್ಟಕ್ಕೆ ನಿಂತಿತೋ ಅದು ರೇಟು. ಕೊಬ್ಬರಿ ವಿಷಯದಲ್ಲಿ ಇಷ್ಟು ಬುದ್ಧಿ ಇರೋ ನಾವು ದೀಪದ ವಿಷಯಕ್ಕೆ ಬಂದಾಗ ರೀಲಲ್ಲಿ ಬರೆದ ಅಂಕಿನೇ ಬೆಲೆ ಅಂತ ಯಾಕೆ ನಂಬ್ತೀವಿ?

ಇಬೇಗೆ ಹೋಗಿ, ಮಾರಾಟ ಆಗಿಹೋದವು ಮಾತ್ರ ತೋರಿಸೋ ಫಿಲ್ಟರ್ ಹಾಕಿ. ಮಾರಾಟಕ್ಕಿಟ್ಟ ಬೆಲೆಗೂ ಮಾರಾಟ ಆದ ಬೆಲೆಗೂ ಎಷ್ಟು ದೂರ ಅಂತ ಕಾಣುತ್ತೆ. ನಯಾಗರ ದೀಪ ರಾಶಿ ರಾಶಿ ತಯಾರಾಗಿತ್ತು, ಒಂದೇ ಪೀಸ್ ಅನ್ನೋದು ಶುದ್ಧ ಸುಳ್ಳು. ಸಿಲಿಂಡರ್ ಬಿರುಕು ಬಿಟ್ಟಿದ್ರೆ, ಬಲ್ಬಿನ ಎತ್ತರಕ್ಕೆ ಕಂದು ಕಲೆ ಇದ್ರೆ, ಬಣ್ಣ ಬೆಳ್ಳಗಾಗಿದ್ರೆ ಬೆಲೆ ದಬದಬ ಇಳಿಯುತ್ತೆ. ನಮ್ಮ ಮೋಟಾರ್ ಜಲಪಾತಕ್ಕಂತೂ ಕೇಳೋರು ಅದನ್ನ ಸಣ್ಣವರಿದ್ದಾಗ ನೋಡಿದವರು ಮಾತ್ರ. ಅದೇನೂ ಕಮ್ಮಿ ಅಲ್ಲ, ಆದ್ರೆ 65 ಸಾವಿರ ಅಲ್ಲ.

"ಇಷ್ಟ ಆಯ್ತು, ದುಡ್ಡಿದೆ, ಕೊಡ್ತಾನೆ, ನಿಂಗೇನ್ ನೋವು?" ಅಂತ ಕಮೆಂಟ್ ಬರುತ್ತೆ, ಗೊತ್ತು. ಇಷ್ಟಪಟ್ಟು ಕೊಡೋನು ಕೊಡಲಿ. ನಮ್ಮ ಕ್ಲಾಸಿನ ಒಬ್ಬ ಇಷ್ಟಪಟ್ಟು ಕೊಡ್ಲಿಲ್ಲ. ಬೆಂಗಳೂರಲ್ಲಿ ಡಬಲ್ ರೇಟಿಗೆ ಮಾರಿ ಸೆಮಿಸ್ಟರ್ ಫೀಸ್ ಕಟ್ಟಬಹುದು ಅಂತ ಕೊಟ್ಟ. ನಾಲ್ಕು ಸಾವಿರ ಅಡ್ವಾನ್ಸು, ಅದೂ ಅಮ್ಮ ಕೊಬ್ಬರಿ ಸುಲಿದ ಕೂಲಿ ದುಡ್ಡು. ದೀಪ ಬರ್ಲಿಲ್ಲ, ಪೇಜಿನ ಹೆಸರೇ ಬದಲಾಯ್ತು. ಆ ಪೇಜಿಗೆ ಫಾಲೋವರ್ಸ್ ಕೊಟ್ಟಿದ್ದು ನಮ್ಮ ಬೆಂಕಿ ಎಮೋಜಿಗಳೇ.

ಅಟ್ಟದಲ್ಲಿ ಇಂಥದ್ದೇನಾದ್ರೂ ಸಿಕ್ಕಿದ್ರೆ ಗುಜರಿಗೆ ಹಾಕೋ ಮುಂಚೆ ತಳ, ಪ್ಲಗ್ಗು, ಲೇಬಲ್ ಮೂರರ ಫೋಟೋ ಕಳಿಸಿ, ಕೂತು ನೋಡೋಣ. ನಾನು ಕೊಳ್ಳೋನೂ ಅಲ್ಲ, ಮಾರೋನೂ ಅಲ್ಲ. ದುಡ್ಡು ಕಳಿಸಿ ಸಿಕ್ಕಿಹಾಕ್ಕೊಂಡಿದ್ರೆ ನಾಚ್ಕೊಂಡು ಕೂರ್ಬೇಡಿ. ಚಾಟು, ಪೇಮೆಂಟ್ ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸದೆ ಇವತ್ತೇ 1930ಕ್ಕೆ ಫೋನ್ ಮಾಡಿ. ಅದು ದೀಪದ ಇಸವಿ ಅಲ್ಲ, ಸೈಬರ್ ವಂಚನೆ ಸಹಾಯವಾಣಿ.

#ತಿರುಗೋದೀಪ #ನೊಣವಿನಕೆರೆ #ತಿಪಟೂರು #ಬೆನ್ನುನೋಡಿ