ಪರದೇಶದ ಸಾವು, ಮನೆಯೊಳಗಿನ ನ್ಯಾಯ



ನಮ್ಮ ಹಿರಿಯರ ಕಾಲದಲ್ಲಿ ಸಾವಿನ ಸುದ್ದಿ ಕಾಲ್ನಡಿಗೆಯಲ್ಲಿ ಬರುತ್ತಿತ್ತು. ಸಂಜೆಯೊಳಗೆ ನೆಂಟರಿಷ್ಟರು ಸೇರುತ್ತಿದ್ದರು, ಭಜನೆ ಶುರುವಾಗುತ್ತಿತ್ತು, ಮರುದಿನ ಹೊಲದ ಬದಿಯಲ್ಲಿ ಸಮಾಧಿ ಆಗುತ್ತಿತ್ತು. ಇಂದು ನಮ್ಮವರು ಕಾಯಕ ಅರಸಿ ದುಬೈ, ರಿಯಾದ್, ನೈರೋಬಿ, ಡಲ್ಲಾಸ್ ತನಕ ಹೋಗಿದ್ದಾರೆ. ಅವರ ಜೊತೆ ಸಾವಿನ ಸುದ್ದಿಯೂ ದೂರದಿಂದ ಬರತೊಡಗಿದೆ. ಅದರಲ್ಲಿ ಕೆಲವು ಸುದ್ದಿಗಳು ಕೇಳಲಾರದಂಥವು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ದೇಹ ಊರು ಮುಟ್ಟಲು ಸುಮಾರು ಮೂರು ವಾರ ಹಿಡಿಯಿತು. 2025ರ ಸೆಪ್ಟೆಂಬರಿನಲ್ಲಿ ಡಲ್ಲಾಸಿನ ಒಂದು ಮೋಟೆಲಿನಲ್ಲಿ ಕರ್ನಾಟಕ ಮೂಲದ ವ್ಯವಸ್ಥಾಪಕರೊಬ್ಬರು ಹೆಂಡತಿ, ಮಗನ ಎದುರಿಗೇ ಕೊಲೆಯಾದರು.

ಮಗನನ್ನು ಕಳೆದುಕೊಂಡ ಮನೆಯ ದುಃಖ ಒಂದು ಬಗೆ. ದುಡಿಯುವ ತಂದೆಯನ್ನೋ ತಾಯಿಯನ್ನೋ ಪರದೇಶದಲ್ಲಿ ಕೊಲೆಗೆ ಕಳೆದುಕೊಂಡ ಮನೆಯ ಪಾಡು ಇನ್ನೊಂದು ಬಗೆ. ಅಲ್ಲಿ ದುಃಖವೂ ಆಸ್ತಿಯ ಪ್ರಶ್ನೆಯೂ ಒಂದೇ ದಿನ ಹೊಸ್ತಿಲು ದಾಟುತ್ತವೆ. ಆ ಹೊತ್ತಿನಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರ ಮೇಲೆ ನಮ್ಮ ಶರಣ ಧರ್ಮದ ಪರೀಕ್ಷೆ ನಡೆಯುತ್ತದೆ. ಅದನ್ನೇ ಈ ಸಂಚಿಕೆಯಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ದುಃಖದ ಮಾತು. ಕೊಲೆಯಾದವರ ದೇಹ ಕೂಡಲೇ ಮನೆಯವರ ಕೈಗೆ ಸಿಗುವುದಿಲ್ಲ. ಮರಣೋತ್ತರ ಪರೀಕ್ಷೆ ಆಗಬೇಕು, ಅಲ್ಲಿಯ ಪೊಲೀಸರು ಒಪ್ಪಬೇಕು, ಭಾರತೀಯ ರಾಯಭಾರ ಕಚೇರಿ ಪಾಸ್‌ಪೋರ್ಟ್ ರದ್ದು ಮಾಡಿ ಪತ್ರ ಕೊಡಬೇಕು. ಅಷ್ಟು ದಿನ ಮನೆಯಲ್ಲಿ ಸಾವಿದೆ, ಶವವಿಲ್ಲ. ಹೆಂಡತಿ ಫೋನು ಹಿಡಿದು ಕೂತಿರುತ್ತಾಳೆ. ಮುದುಕಿ ತಾಯಿ ಇನ್ನೂ ಸುದ್ದಿ ಸುಳ್ಳಾದೀತೆಂದು ಕಾಯುತ್ತಿರುತ್ತಾಳೆ. ಇದೇ ಸಮಯದಲ್ಲಿ ಕೊಲೆಯ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದು, ಕೊನೆಗೆ ಆ ಮನೆಯ ಮಗುವಿನ ಕೈಗೂ ಬರುತ್ತದೆ. ಡಲ್ಲಾಸಿನ ಘಟನೆಯ ದೃಶ್ಯ ಹಾಗೆಯೇ ಊರೂರು ಸುತ್ತಿತು. ಬಂಧುಗಳೇ, ಅಂಥದ್ದು ನಿಮಗೆ ಬಂದರೆ ಅಲ್ಲಿಯೇ ಅಳಿಸಿ. ಮುಂದೆ ಕಳಿಸುವುದು ಸತ್ತವರನ್ನು ಮತ್ತೊಮ್ಮೆ ಕೊಂದ ಹಾಗೆ.

ಎರಡನೆಯ ಕಷ್ಟ ನಮ್ಮೊಳಗಿನಿಂದಲೇ ಬರುತ್ತದೆ. ಅಪಮೃತ್ಯು, ದುರ್ಮರಣ, ಪಂಚಕ, ಶಾಂತಿ ಎಂಬ ಮಾತುಗಳು ಆ ಮನೆಯ ಅಂಗಳದಲ್ಲಿ ಏಳುತ್ತವೆ. ಮನೆ ಬಿಡಬೇಕು, ಆತ್ಮ ಅಲೆಯುತ್ತದೆ, ಇಷ್ಟು ಸಾವಿರ ಕೊಟ್ಟರೆ ಪರಿಹಾರವಿದೆ ಎಂದು ಪಂಚಾಂಗ ಹಿಡಿದವರು ಬರುತ್ತಾರೆ. ಅಂಥವರಿಗೆ ಒಂದೇ ಪ್ರಶ್ನೆ ಕೇಳಿ: ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಮಧುವರಸ ಶರಣರು ಎಂಥ ಸಾವು ಕಂಡರು? ಮಕ್ಕಳ ಮದುವೆ ಮಾಡಿ ಜಾತಿಯ ಗೋಡೆ ಒಡೆದದ್ದಕ್ಕೆ ಅವರಿಗೆ ಎಳೆಹೂಟೆಯ ಶಿಕ್ಷೆಯಾಯಿತು ಎಂದು ನಮ್ಮ ಪರಂಪರೆ ಹೇಳುತ್ತದೆ. ಅವರ ಸಾವನ್ನು ದುರ್ಮರಣ ಎಂದು ಯಾರಾದರೂ ಕರೆದದ್ದುಂಟೆ? ನಾವು ಅವರನ್ನು ಹುತಾತ್ಮರೆಂದು ನೆನೆಯುತ್ತೇವೆ. ಹೊಡೆದವನ ಕೈಯ ಪಾಪ ಹೊಡೆಸಿಕೊಂಡವನಿಗೆ ಅಂಟುವುದಿಲ್ಲ. ಮರಣಸೂತಕವನ್ನೇ ಒಪ್ಪದ ಧರ್ಮದಲ್ಲಿ ಕೊಲೆಯಾದವರಿಗೆಂದೇ ಒಂದು ಹೊಸ ಸೂತಕ ಹುಟ್ಟಿಸಬಾರದು.

ಅಂತ್ಯಕ್ರಿಯೆಯ ವಿಷಯದಲ್ಲೂ ಹಿರಿಯರಿಗೆ ನೋವಾಗುತ್ತದೆ. ದೇಹ ಪೆಟ್ಟಿಗೆಯಲ್ಲಿ ಮಲಗಿ ಬಂದಿರುತ್ತದೆ, ಔಷಧಿ ಹಾಕಿ ಕೆಡದಂತೆ ಕಾಪಾಡಿರುತ್ತಾರೆ. ಕುಳ್ಳಿರಿಸಿ ಸಮಾಧಿ ಮಾಡಲು ಆಗದೇ ಇರಬಹುದು. ಕೊರಳಲ್ಲಿದ್ದ ಕರಡಿಗೆ, ಇಷ್ಟಲಿಂಗ ಬಟ್ಟೆಗಳ ಜೊತೆ ಅಲ್ಲಿಯ ಪೊಲೀಸರ ವಶದಲ್ಲಿ ಉಳಿದಿರಬಹುದು. ಇಷ್ಟಲಿಂಗ ಎಂದರೇನು ಎಂದು ಅವರಿಗೆ ಗೊತ್ತಿರುವುದಿಲ್ಲ. ರಾಯಭಾರ ಕಚೇರಿಗೆ ಬರೆಯುವ ಮೊದಲ ಪತ್ರದಲ್ಲೇ ಅದನ್ನು ಮರಳಿ ಕೊಡುವಂತೆ ಕೇಳಿ. ಸಿಗದಿದ್ದರೆ ಅಂಜಬೇಡಿ. ಅಂಗದ ಮೇಲಿನ ಲಿಂಗ ಕಳೆಯಬಹುದು, ಅರಿವಿನ ಲಿಂಗವನ್ನು ಯಾವ ಪೊಲೀಸರೂ ವಶಪಡಿಸಿಕೊಳ್ಳಲಾರರು. ದೇಹವೇ ಬಾರದೆ ಬೂದಿ ಮಾತ್ರ ಬಂದರೂ, ಅಲ್ಲಿಯ ಮಣ್ಣಲ್ಲೇ ಹೂಳಬೇಕಾದರೂ ಅವರು ಲಿಂಗೈಕ್ಯರೇ. ಖಾರ್ಕಿವ್‌ನಲ್ಲಿ ಮಡಿದ ಹುಡುಗನ ತಂದೆತಾಯಿ ಮನೆಯಲ್ಲಿ ವಿಧಿ ಮುಗಿಸಿ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ಅದಕ್ಕಿಂತ ದೊಡ್ಡ ದಾಸೋಹ ಯಾವುದು?

ದುಃಖ ಮೂರು ದಿನದ್ದಲ್ಲ. ಕೊಲೆಯ ವಿಚಾರಣೆ ವರ್ಷಗಟ್ಟಲೆ ನಡೆಯುತ್ತದೆ, ಪ್ರತಿ ವಾಯಿದೆಗೂ ಗಾಯ ಮತ್ತೆ ತೆರೆಯುತ್ತದೆ. ಸೌದಿ ಅರೇಬಿಯಾದಂಥ ದೇಶಗಳಲ್ಲಿ ಕೊಲೆಗಾರನನ್ನು ಕ್ಷಮಿಸುವ, ಇಲ್ಲವೇ ದಿಯಾ ಎಂಬ ಪರಿಹಾರಧನ ಪಡೆದು ಬಿಡುವ ನಿರ್ಧಾರವನ್ನು ವಾರಸುದಾರರಿಗೇ ಕೇಳುವುದುಂಟು. ಅಂಥ ಭಾರ ಬಿದ್ದ ಹೆಣ್ಣುಮಗಳಿಗೆ ಕ್ಷಮಿಸು ಎಂದಾಗಲಿ ಕ್ಷಮಿಸಬೇಡ ಎಂದಾಗಲಿ ಒತ್ತಾಯ ಮಾಡುವ ಅಧಿಕಾರ ನಮಗಿಲ್ಲ. ಕೊಂದವನ ದೇಶ, ಬಣ್ಣ, ಮತ ಹೇಳಿ ದ್ವೇಷ ಬಿತ್ತುವುದಂತೂ ಬಸವ ತತ್ವಕ್ಕೆ ಸಲ್ಲದು. ಮಕ್ಕಳಿಗೆ ನಿದ್ದೆ ಬಾರದಿದ್ದರೆ, ಮಾತು ನಿಂತರೆ, ತಾಯತ ಕಟ್ಟಿಸದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 14416 ಸಂಖ್ಯೆಯ ಟೆಲಿ ಮಾನಸ್‌ಗೆ ಕರೆ ಮಾಡಿದರೆ ಕನ್ನಡದಲ್ಲೇ, ಖರ್ಚಿಲ್ಲದೆ ಸಲಹೆ ಸಿಗುತ್ತದೆ.

ಇನ್ನು ಆಸ್ತಿಯ ಮಾತು. ಉತ್ತರ ಕರ್ನಾಟಕದ ಒಂದು ಮನೆ. ಊರು, ಹೆಸರು ಹೇಳುವುದಿಲ್ಲ. ಯಜಮಾನರು ಪರದೇಶದಲ್ಲಿ ದರೋಡೆಕೋರರ ಗುಂಡಿಗೆ ಬಲಿಯಾಗಿ ಒಂಬತ್ತು ದಿನವಾಗಿತ್ತು. ಸಾಂತ್ವನ ಹೇಳಲು ಹೋದ ನನಗೆ ಕಂಡದ್ದು ಜಮಖಾನದ ಮೇಲಿದ್ದ ಛಾಪಾ ಕಾಗದ. ಸತ್ತವರ ಅಣ್ಣ ಹಕ್ಕು ಬಿಡುಗಡೆ ಪತ್ರ ಬರೆಸಿ ತಂದಿದ್ದರು. ಮಗಳು ಸಹಿ ಹಾಕಬೇಕು, "ನಾಳೆ ಮದುವೆಯಾಗಿ ಹೋಗುವವಳು" ಎಂಬ ಕಾರಣಕ್ಕೆ. ಹೆಂಡತಿಯೂ ಸಹಿ ಹಾಕಬೇಕು, "ಹೆಂಗಸರಿಗೆ ಕಚೇರಿ ಅಲೆದಾಟ ಬೇಡ" ಎಂಬ ಕರುಣೆಗೆ. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ. ಆ ಮಗಳು ಗೋಡೆ ನೋಡುತ್ತಲೇ, "ಅಪ್ಪ ನನಗೂ ಫೀ ಕಳಿಸ್ತಿದ್ದ. ಅವನು ಲೆಕ್ಕ ಬೇರೆ ಮಾಡಿರಲಿಲ್ಲ" ಎಂದಳು. ಕಾಗದ ಆ ದಿನ ಮಡಿಚಿಟ್ಟರು. ಎಲ್ಲ ಮನೆಗಳಲ್ಲೂ ಹಾಗೆ ಮಡಿಚಿಡುವುದಿಲ್ಲ.

ಕಾನೂನು ಏನು ಹೇಳುತ್ತದೆ? ನಮ್ಮ ಧರ್ಮದ ಸ್ವತಂತ್ರ ಮಾನ್ಯತೆಯ ಚರ್ಚೆ ಏನೇ ಇರಲಿ, ಆಸ್ತಿಯ ಮಟ್ಟಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ವೀರಶೈವ, ಲಿಂಗಾಯತರ ಹೆಸರು ಹೇಳಿಯೇ ನಮಗೆ ಅನ್ವಯಿಸುತ್ತದೆ. ಉಯಿಲು ಬರೆಯದೆ ತಂದೆ ತೀರಿದರೆ, ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಅವರ ತಾಯಿ, ಹೆಂಡತಿ, ಮಗ, ಮಗಳು ಪ್ರತಿಯೊಬ್ಬರಿಗೂ ಸಮಪಾಲು. ನಾಲ್ವರಿದ್ದರೆ ನಾಲ್ಕು ಪಾಲು. ಇವರಿರುವಾಗ ಸತ್ತವರ ಅಣ್ಣತಮ್ಮಂದಿರಿಗೆ ಅದರಲ್ಲಿ ಪಾಲಿಲ್ಲ. ತಾಯಿಯೇ ತೀರಿದ್ದರೆ ಆಕೆಯ ಆಸ್ತಿ ಗಂಡನಿಗೂ ಮಕ್ಕಳಿಗೂ ಸಮನಾಗಿ ಸೇರುತ್ತದೆ. ಪಿತ್ರಾರ್ಜಿತದಲ್ಲಿ ಮಗಳ ಹಕ್ಕನ್ನು ನಮ್ಮ ರಾಜ್ಯ 1994ರಲ್ಲೇ ಒಪ್ಪಿತು, ಆಗ ಮದುವೆಯಾಗಿದ್ದವರನ್ನು ಮಾತ್ರ ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ವಿಧವೆ ಮರುಮದುವೆಯಾದರೂ ಗಂಡನಿಂದ ಬಂದ ಪಾಲು ಹೋಗುವುದಿಲ್ಲ. ಅಪ್ರಾಪ್ತ ಮಗುವಿನ ಪಾಲಿಗೆ ಬಂದ ಮನೆ, ಜಮೀನನ್ನು ನ್ಯಾಯಾಲಯದ ಅನುಮತಿ ಇಲ್ಲದೆ ಮಾರುವಂತಿಲ್ಲ. ಕೊಲೆ ಮಾಡಿದವನು ಮನೆಯವನೇ ಆಗಿದ್ದರೆ ಸತ್ತವರ ಆಸ್ತಿಯಲ್ಲಿ ಅವನಿಗೆ ಚೂರೂ ಇಲ್ಲ.

ಬ್ಯಾಂಕಿನಲ್ಲಿ ನಾಮಿನಿ ಎಂದು ಅಣ್ಣನ ಹೆಸರಿದೆ, ಆದ್ದರಿಂದ ಹಣ ಅವನದೇ ಎಂಬ ವಾದವನ್ನೂ ಕೇಳಿದ್ದೇನೆ. ಠೇವಣಿ, ಷೇರುಗಳಲ್ಲಿ ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ಮುಟ್ಟಿಸಬೇಕಾದವನು. ವಾರಸುದಾರರಿಂದ ಅದನ್ನು ಕಸಿಯುವ ಹಕ್ಕು ಅವನಿಗಿಲ್ಲ.

ಪರದೇಶದಲ್ಲಿರುವ ಮನೆ, ನಿವೇಶನಕ್ಕೆ ಆ ದೇಶದ ಕಾನೂನೇ ನಡೆಯುತ್ತದೆ. ಅಲ್ಲಿಯ ಬ್ಯಾಂಕ್ ಖಾತೆ ಸಾವಿನ ಸುದ್ದಿ ತಿಳಿದೊಡನೆ ತಡೆಹಿಡಿಯಲ್ಪಡಬಹುದು. ಅರಬ್ ದೇಶದಲ್ಲಿ ಮಗಳಿಗೆ ಅರ್ಧ ಪಾಲು ಎಂದು ಹೆದರಿಸುವವರಿದ್ದಾರೆ. ಯುಎಇಯಲ್ಲಿ 2023ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಮುಸ್ಲಿಮೇತರರ ಕಾನೂನಿನಲ್ಲಿ, ಉಯಿಲು ಇಲ್ಲದಿದ್ದರೆ ಅರ್ಧ ಆಸ್ತಿ ಸಂಗಾತಿಗೆ, ಉಳಿದರ್ಧ ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಅಪರಾಧಕ್ಕೆ ಬಲಿಯಾದವರ ಕುಟುಂಬಕ್ಕೆ ಪರಿಹಾರ ನಿಧಿ ಇದೆ. ಅಂತ್ಯಕ್ರಿಯೆ, ಮಾನಸಿಕ ಚಿಕಿತ್ಸೆ, ನಿಂತುಹೋದ ಸಂಪಾದನೆಗೆ ಮಿತಿಯೊಳಗೆ ನೆರವು ಕೊಡುತ್ತದೆ. ಅರ್ಜಿಗೆ ಗಡುವು ಇರುತ್ತದೆ, ಮೊದಲ ತಿಂಗಳಲ್ಲೇ ವಿಚಾರಿಸಿ.

ಕಾಗದಪತ್ರಗಳ ಕ್ರಮವೂ ಗೊತ್ತಿರಲಿ. ಪರದೇಶದ ಸಾವಿಗೆ ನಮ್ಮ ಊರಿನ ಪಂಚಾಯಿತಿಯಲ್ಲಿ ಮರಣಪತ್ರ ಸಿಗುವುದಿಲ್ಲ. ಅಲ್ಲಿಯ ಸರ್ಕಾರ ಕೊಟ್ಟ ಮರಣಪತ್ರ ಬೇಕು, ಭಾರತೀಯ ರಾಯಭಾರ ಕಚೇರಿಯಲ್ಲಿ ಸಾವು ನೋಂದಣಿಯಾಗಬೇಕು. ಅಪೊಸ್ಟಿಲ್ ಒಪ್ಪಂದದ ದೇಶವಾದರೆ ಆ ಮುದ್ರೆ, ಅಲ್ಲವಾದರೆ ರಾಯಭಾರ ಕಚೇರಿಯ ದೃಢೀಕರಣ ಹಾಕಿಸಿ. ಮೂಲ ಪ್ರತಿಗಳನ್ನು ನಾಲ್ಕೈದು ತರಿಸಿಕೊಳ್ಳಿ. ದೇಹ ತರಿಸಲು ಹಣವಿಲ್ಲದವರಿಗೆ 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ರಾಯಭಾರ ಕಚೇರಿಗೆ ಅರ್ಜಿ ಕೊಡಬೇಕು. ವಲಸೆ ಅನುಮತಿ ಪಡೆದು ಕೆಲಸಕ್ಕೆ ಹೋದವರಿಗೆ ಕಡ್ಡಾಯವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತ ಮರಣಕ್ಕೆ 10 ಲಕ್ಷ ರೂಪಾಯಿ ವಿಮೆಯಿದೆ. ಕೊಲೆ ಅಪಘಾತವಲ್ಲ ಎಂದು ಯಾರೋ ಬಾಯಿಮಾತಿನಲ್ಲಿ ಹೇಳಿದರೆ ಬಿಟ್ಟುಬಿಡಬೇಡಿ. ಲಿಖಿತವಾಗಿ ಕೇಳಿ, ಲಿಖಿತವಾಗಿ ಉತ್ತರ ಪಡೆಯಿರಿ. ಊರಿನಲ್ಲಿ ವಂಶವೃಕ್ಷ ಪತ್ರ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಅನ್ಯಾಯ ಎಷ್ಟೋ ಸಲ ಆ ಒಂದು ಹಾಳೆಯಲ್ಲೇ ಶುರುವಾಗುತ್ತದೆ.

ಇಷ್ಟು ಹೇಳಿ ನಮ್ಮ ಮಠಗಳ ಮುಂದೆ, ಬಸವ ಕೇಂದ್ರಗಳ ಮುಂದೆ ಮೂರು ಬಿನ್ನಹ ಇಡುತ್ತೇನೆ. ಒಂದು, ಇಂಥ ಸಾವಾದ ಮನೆಯಲ್ಲಿ ಒಂದು ವರ್ಷದ ತನಕ ಯಾರಿಂದಲೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಕೂಡದು ಎಂದು ಗುರುಗಳು ಬಾಯಿಬಿಟ್ಟು ಹೇಳಬೇಕು. ಅಳುವ ಕಣ್ಣಿಗೆ ಅಕ್ಷರ ಕಾಣುವುದಿಲ್ಲ. ಎರಡು, ಮಠಕ್ಕೊಬ್ಬ ವಕೀಲರು, ಒಬ್ಬ ನಿವೃತ್ತ ಕಂದಾಯ ನೌಕರರು, ಒಬ್ಬ ಓದಿದ ಹೆಣ್ಣುಮಗಳು ಸೇರಿದ ಸಣ್ಣ ತಂಡ ಇರಲಿ; ಅರ್ಜಿ ಬರೆಯುವುದು, ಕಚೇರಿಗೆ ಜೊತೆ ಹೋಗುವುದು ಅವರ ದಾಸೋಹವಾಗಲಿ. ಮೂರನೆಯದು ಕಹಿ, ಆದರೂ ಹೇಳಬೇಕು. ಪರಿಹಾರದ ಹಣ, ವಿಮೆಯ ಹಣ ಬಂದಾಗ ಸತ್ತವರ ಹೆಸರಿನಲ್ಲಿ ಕಟ್ಟಡಕ್ಕೆ, ತೇರಿಗೆ, ಪ್ರಸಾದ ನಿಲಯಕ್ಕೆ ದೇಣಿಗೆ ಕೇಳುವ ರೂಢಿ ನಮ್ಮಲ್ಲಿದೆ. ಹೆಂಡತಿ, ತಾಯಿ, ಮಗಳು, ಮಗ ಎಲ್ಲರ ಪಾಲು ಅವರವರ ಕೈ ಸೇರುವ ಮೊದಲು ಆ ಮನೆಯಿಂದ ಒಂದು ರೂಪಾಯಿಯನ್ನೂ ಮಠ ಮುಟ್ಟಬಾರದು. ಹಂಚಿಕೆಯಾಗದ ಆಸ್ತಿಯಿಂದ ಬಂದ ದೇಣಿಗೆ ಇನ್ನೊಬ್ಬರ ಬೆವರಿನದು. ಅದು ಕಾಯಕದ ಹಣವಾಗಿ ಮಠಕ್ಕೆ ಸಲ್ಲುವುದಿಲ್ಲ.

ಪರದೇಶದಲ್ಲಿರುವ ಬಂಧುಗಳಿಗೂ ಒಂದು ಮಾತು. ಉಯಿಲು ಬರೆಯುವುದು ಅಪಶಕುನವಲ್ಲ. ಇಲ್ಲಿಯ ಆಸ್ತಿಗೊಂದು, ಅಲ್ಲಿಯ ಆಸ್ತಿಗೊಂದು ಬರೆದಿಡಿ. ಒಂದು ಇನ್ನೊಂದನ್ನು ರದ್ದು ಮಾಡದಂತೆ ವಕೀಲರಿಂದ ನೋಡಿಸಿ. ಖಾತೆ, ವಿಮೆ, ಸಾಲದ ವಿವರವನ್ನು ಹೆಂಡತಿಗೆ, ಬೆಳೆದ ಮಗಳಿಗೆ ತಿಳಿಸಿಡಿ. ಮುಚ್ಚಿಟ್ಟ ಲೆಕ್ಕ ನಿಮ್ಮ ನಂತರ ಅವರಿಗೆ ಎರಡನೆಯ ಏಟಾಗುತ್ತದೆ.

ಹೆಣ್ಣು ಗಂಡು ಸಮಾನರೆಂದು ಬಸವ ಜಯಂತಿಯ ವೇದಿಕೆಯಲ್ಲಿ ಹೇಳಲು ಖರ್ಚಿಲ್ಲ. ಪಹಣಿಯ ಕಾಲಂನಲ್ಲಿ ಮಗಳ ಹೆಸರು ಸೇರಿಸುವಾಗ ಒಂದೆರಡು ಎಕರೆ ಖರ್ಚಾಗುತ್ತದೆ. ಆ ಖರ್ಚಿಗೆ ಸಿದ್ಧರಾದವರೇ ಶರಣರ ಮಾತನ್ನು ಉಳಿಸುವವರು. ನಿಮ್ಮ ಊರಿನಲ್ಲಿ ಇಂಥ ಮನೆಯೊಂದಿದ್ದರೆ ಈ ವಾರವೇ ಹೋಗಿ. ಊಟ ತೆಗೆದುಕೊಂಡು ಹೋಗಿ, ಕೂತು ಕೇಳಿ, ಕಾಗದಗಳೆಲ್ಲ ಸರಿಯಿವೆಯೇ ಎಂದು ಆ ಹೆಣ್ಣುಮಕ್ಕಳನ್ನೇ ವಿಚಾರಿಸಿ.