ಹೆಸರು ಹಿಡಿದು ಕರೆಯೋಣ



ಕೂಸು ಹುಟ್ಟಿದಾಗ ತೊಟ್ಟಿಲು ಕಟ್ಟಿ, ಓಣಿಯವರನ್ನೆಲ್ಲ ಕರೆದು, ಗುಗ್ಗರಿ ಹಂಚಿ ಒಂದು ಹೆಸರು ಇಡುತ್ತಾರೆ. ಮುಂದೆ ಆ ಕೂಸಿನ ಕಾಲಿಗೆ ಬಲ ಬರಲಿಲ್ಲ ಅಂದರೆ ಆ ಹೆಸರು ಎಲ್ಲಿಗೋ ಹೋಗಿಬಿಡುತ್ತದೆ. "ಕುಂಟ್ಯಾ" ಅನ್ನೋದೇ ಹೆಸರಾಗುತ್ತದೆ. ಕಣ್ಣು ಕಾಣದಿದ್ದರೆ ಕುರುಡ, ಕಿವಿ ಕೇಳದಿದ್ದರೆ ಕೆಪ್ಪ, ಮಾತು ಬಾರದಿದ್ದರೆ ಮೂಗ. ಖರೇ ಹೆಸರು ರೇಶನ್ ಕಾರ್ಡಿನಲ್ಲಿ ಮಾತ್ರ ಉಳಿಯುತ್ತದೆ. ಪೋಸ್ಟಮನ್ ಬಂದು ಆ ಹೆಸರು ಕೇಳಿದರೆ ಊರ ಮಂದಿ ತಲಿ ಕೆರೆದುಕೊಳ್ಳುತ್ತಾರೆ!

ಯಾಕೆ ಹೀಗೆ ಕರೀತೀರಿ ಎಂದು ಕೇಳಿದರೆ, "ಅದರಾಗ ಏನದ? ಸಣ್ಣಾಂವ ಇದ್ದಾಗಿಂದ ಹಂಗ ಕರೀತೇವಿ, ಅಂವಾ ಏನೂ ಅನ್ನಂಗಿಲ್ಲ" ಅಂತಾರ. ಏನೂ ಅನ್ನಂಗಿಲ್ಲ, ಖರೇ. ಅಂದರೆ ಯಾರು ಕೇಳತಾರ ಅಂತ ಸುಮ್ಮನಾಗಿರಬಹುದಲ್ಲ? ಬಸವನ ಬಾಗೇವಾಡಿ ನಮ್ಮ ಜಿಲ್ಲೆಯಲ್ಲೇ ಇದೆ ಎಂದು ನಾವು ಹೆಮ್ಮೆ ಪಡುತ್ತೇವೆ. ಬಸವ ಜಯಂತಿಗೆ ಭಾಷಣ ಮಾಡಿ ಬಹುಮಾನ ತಗೊಳ್ಳುತ್ತೇವೆ. ಹೊರಗೆ ಬಂದು ಕಟ್ಟೆಯ ಮೇಲೆ ಕೂತವನನ್ನು "ಏ ಕೆಪ್ಪಾ" ಎಂದು ಕೂಗುತ್ತೇವೆ.

ಇನ್ನೂ ಕೆಲವರಿದ್ದಾರೆ. ಅವರ ಕಾಲು ಸರಿ, ಕಣ್ಣು ಸರಿ, ಕಿವಿಯೂ ಸರಿ. ಆದರೆ ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ. ನಾವು ಅಂದದ್ದನ್ನೇ ಮತ್ತೆ ಮತ್ತೆ ಅನ್ನುತ್ತಾರೆ. ಸೈಕಲ್ ಗಾಲಿ ತಿರುಗಿಸುತ್ತ ತಾಸುಗಟ್ಟಲೆ ಕೂಡುತ್ತಾರೆ. ಹಲಗಿ ಸಪ್ಪಳಕ್ಕೆ, ಮದುವೆಯ ಡಿಜೆಗೆ ಕಿವಿ ಮುಚ್ಚಿಕೊಂಡು ಚೀರುತ್ತಾರೆ. ದಿನಾ ಹೋಗುವ ದಾರಿ ಬಿಟ್ಟು ಬೇರೆ ದಾರಿ ಹಿಡಿದರೆ ನೆಲಕ್ಕೆ ಬಿದ್ದು ಅಳುತ್ತಾರೆ. ಎಲ್ಲರೂ ಒಂದೇ ತರಹ ಇರುವುದಿಲ್ಲ. ಕೆಲವರು ಚಲೋ ಮಾತಾಡುತ್ತಾರೆ, ಕೆಲವರಿಗೆ ಮಾತೇ ಬರುವುದಿಲ್ಲ. ಇದಕ್ಕೆ ಆಟಿಸಂ ಅನ್ನುತ್ತಾರೆ, ಕನ್ನಡದಲ್ಲಿ ಸ್ವಲೀನತೆ. ನಮ್ಮ ಕಡೆ ಈ ಶಬ್ದ ಗೊತ್ತಿಲ್ಲದ್ದಕ್ಕೆ "ಹುಚ್ಚ" ಅಂತಾರ, "ಗಾಳಿ ಬಡದದ" ಅಂತಾರ, ಇಲ್ಲಾ "ಅವ್ವ ಮುದ್ದ ಮಾಡಿ ಕೆಡಿಸ್ಯಾಳ" ಅಂತಾರ.

ಇದು ಹುಚ್ಚೂ ಅಲ್ಲ, ಗಾಳಿಯೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. 1943ರಲ್ಲಿ ಅಮೇರಿಕದ ಡಾಕ್ಟರ್ ಲಿಯೊ ಕ್ಯಾನರ್ ಅವರು 11 ಮಕ್ಕಳನ್ನು ನೋಡಿ ಇದರ ಬಗ್ಗೆ ಬರೆದರು. ಆಮೇಲೆ ಬಹಳ ವರ್ಷ ಅಲ್ಲಿಯ ದೊಡ್ಡ ದೊಡ್ಡ ಡಾಕ್ಟರರೂ ತಾಯಿಯ ಪ್ರೀತಿ ಕಡಿಮೆಯಾಗಿ ಮಗು ಹೀಗಾಯಿತು ಅಂದರು. ನಮ್ಮಲ್ಲಿ ಪ್ರೀತಿ ಹೆಚ್ಚಾಗಿ ಕೆಟ್ಟಿತು ಅಂತಾರ, ಅಲ್ಲಿ ಕಡಿಮೆಯಾಗಿ ಕೆಟ್ಟಿತು ಅಂದರು. ಎರಡೂ ಕಡೆ ಬೈಸಿಕೊಂಡವಳು ಅವ್ವನೇ. ಎರಡೂ ಸುಳ್ಳು. ಲಸಿಕೆಯಿಂದ ಹೀಗಾಗುತ್ತದೆ ಎಂಬ ಸಂಶಯ ಹುಟ್ಟಿಸಿದ ಒಂದು ಲೇಖನ 1998ರಲ್ಲಿ ಇಂಗ್ಲೆಂಡಿನಲ್ಲಿ ಬಂದಿತ್ತು. ಅದನ್ನು ಅಚ್ಚು ಹಾಕಿದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಆದ್ದರಿಂದ ಯಾರೂ ಮಕ್ಕಳಿಗೆ ಲಸಿಕೆ ತಪ್ಪಿಸಬಾರದು.

ತಿಳಿಸಿ ಹೇಳುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗುವುದು ಬೇಡ. 2019ರ ಡಿಸೆಂಬರ್ 26ರಂದು ಮುಂಜಾನೆ ಸೂರ್ಯಗ್ರಹಣ ಇತ್ತು. ಅಂದು ನಮ್ಮ ನೆರೆಯ ಕಲಬುರಗಿಯ ಹತ್ತಿರ ತಾಜ್ ಸುಲ್ತಾನಪುರ ಎಂಬ ಊರಿನಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹುಗಿದಿದ್ದರು. ಗ್ರಹಣದ ಹೊತ್ತಿನಲ್ಲಿ ಹೀಗೆ ಹುಗಿದರೆ ವೈಕಲ್ಯ ವಾಸಿಯಾಗುತ್ತದೆ ಎಂಬ ನಂಬಿಕೆ. ಟಿವಿಯಲ್ಲಿ ಬಂತು, ಪೇಪರಿನಲ್ಲಿ ಬಂತು. ನೋಡಿದವರೆಲ್ಲ ಆ ತಾಯಿ ತಂದೆಯರನ್ನು ಬೈದರು.

ನನಗೆ ಬೈಯಬೇಕು ಅನ್ನಿಸುವುದಿಲ್ಲ. ಅವರೇನು ಮಗುವಿನ ವೈರಿಗಳೇ? ಎಲ್ಲಾ ಬಾಗಿಲು ಬಡಿದು ಸಾಕಾದವರು ಗ್ರಹಣದ ಬಾಗಿಲನ್ನೂ ಬಡಿಯುತ್ತಾರೆ. ಅಂಥ ಮಗುವಿಗೆ ಸಾಲಿಯಲ್ಲಿ ಕೂಡಲು ಒಂದು ಜಾಗ, ಓಣಿಯಲ್ಲಿ ಇಬ್ಬರು ಗೆಳೆಯರು ಇದ್ದರೆ, "ಇದಕ್ಕ ಹಿಂಗಂತಾರ, ಇಂಥಲ್ಲಿ ಕರಕೊಂಡು ಹೋಗ್ರಿ" ಎಂದು ಹೇಳುವವರು ಒಬ್ಬರಿದ್ದರೆ, ತಗ್ಗು ತೋಡುವ ಪ್ರಸಂಗ ಬಂದೀತೇ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಯಾವ ತಾಲೂಕಿನ ಹಳ್ಳಿಗೆ ಹೋದರೂ ಯಾವುದೋ ಮನೆಯ ಪಡಸಾಲೆಯಲ್ಲಿ ಇಂಥ ಒಂದು ಮಗು ಸಿಕ್ಕೀತು. ಅವ್ವ ಅಪ್ಪ ಕಬ್ಬು ಕಡಿಯಲು ಹೋದರೆ ಆಯಿಯ ಹತ್ತಿರ ಇರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಹುಡುಗ ಇರುವುದಿಲ್ಲ.

"ಅವರು ಕಲಿತು ಏನ ಮಾಡ್ತಾರ?" ಎನ್ನುವವರಿಗೆ ನಾವು ಗದುಗಿನ ಕಥೆ ಹೇಳುತ್ತೇವೆ. ಹುಟ್ಟಿನಿಂದ ಕಣ್ಣು ಕಾಣದ ಗದಿಗೆಯ್ಯ ಎಂಬ ಹುಡುಗನನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಕರೆದುಕೊಂಡು ಹೋಗಿ ಸಂಗೀತ ಕಲಿಸಿದರು. ಅವರೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು, ತಮ್ಮಂಥ ಎಷ್ಟೋ ಮಕ್ಕಳಿಗೆ ಅನ್ನ ಹಾಕಿ ವಿದ್ಯೆ ಕೊಟ್ಟರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂತು. ಹಾಸನ ಜಿಲ್ಲೆಯ ಗಿರೀಶ ಅವರು 2012ರಲ್ಲಿ ಲಂಡನ್ನಿನ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿದು ಬೆಳ್ಳಿ ಪದಕ ತಂದರು. ಇವರನ್ನು ನೆನೆಸಿದರೆ ಧೈರ್ಯ ಬರುತ್ತದೆ.

ಆದರೆ ಇಲ್ಲಿ ನನ್ನದೊಂದು ತಕರಾರು ಅದ. ಕಣ್ಣು ಕಾಲು ನೆಟ್ಟಗಿದ್ದ ನಾವೆಲ್ಲ ಗವಾಯಿಗಳಾಗಿದ್ದೇವೇನು? ಗಣಿತದಲ್ಲಿ 35 ಬಿದ್ದರೂ ನಮ್ಮನ್ನು ಹೆಸರು ಹಿಡಿದೇ ಕರೆಯುತ್ತಾರೆ. ಕಣ್ಣು ಕಾಣದವನು ಮಾತ್ರ ಪದಕ ತಂದು ಮರ್ಯಾದೆ ಗಳಿಸಬೇಕೇನು? ಹಾಡು ಬಾರದ, ಓಟ ಬಾರದ, ಗಾಲಿ ನೋಡುತ್ತ ಕೂಡುವ ಹುಡುಗನಿಗೂ ಅವ್ವ ಇಟ್ಟ ಹೆಸರು ಅದ. ಗದುಗಿನ ಕಥೆಯಲ್ಲಿ ನನಗೆ ದೊಡ್ಡದೆನಿಸುವುದು ಪ್ರಶಸ್ತಿಯಲ್ಲ. ಕಣ್ಣಿಲ್ಲದ ಹುಡುಗನಿಗೆ ಕಿವಿಯಿಂದ ಕಲಿಸಿದರಲ್ಲ, ಅದು.

ಆಟಿಸಂ ಇರುವ ಮಗುವಿಗೆ ಹೇಗೆ ಕಲಿಸಬೇಕು? ಅದು ಹೇಗೆ ನೋಡುತ್ತದೆ ಎಂದು ಮೊದಲು ನೋಡಬೇಕು. ಅಮೇರಿಕದಲ್ಲಿ ಟೆಂಪಲ್ ಗ್ರ್ಯಾಂಡಿನ್ ಎಂಬ ಹೆಣ್ಣುಮಗಳು 1947ರಲ್ಲಿ ಹುಟ್ಟಿದರು. ಆಟಿಸಂ ಇತ್ತು, ಮೂರು ವರ್ಷ ದಾಟಿದರೂ ಮಾತು ಬಂದಿರಲಿಲ್ಲ. ಮುಂದೆ ದನಕರುಗಳ ಶಾಸ್ತ್ರದ ಪ್ರೊಫೆಸರ್ ಆದರು. ದನಗಳು ಒಂದು ದಾರಿಯಲ್ಲಿ ಯಾಕೆ ಮುಂದಕ್ಕೆ ಹೋಗುವುದಿಲ್ಲ ಎಂದು ತಿಳಿಯಲು ತಾವೇ ಬಗ್ಗಿ ದನದ ಕಣ್ಣಿನ ಎತ್ತರಕ್ಕೆ ನಿಂತು ನೋಡಿದರು. ನೆಲದ ಮೇಲಿನ ನೆರಳು, ತೂಗಾಡುವ ಸರಪಳಿ ಅವರಿಗೆ ಕಂಡವು, ಬಾರುಕೋಲು ಹಿಡಿದವರಿಗೆ ಕಂಡಿರಲಿಲ್ಲ. ಮಗುವನ್ನು ದನಕ್ಕೆ ಹೋಲಿಸತಾಳ ಅನ್ನಬ್ಯಾಡ್ರಿ, ನೋಡುವ ರೀತಿ ಹೇಳಿದೆ. ಸಾಲಿಯ ಬಾಗಿಲಿಗೆ ಬಂದು ಒಳಗೆ ಬರದ ಮಗುವಿಗೆ ಗಂಟೆಯ ಸಪ್ಪಳ ಹೆದರಿಕೆಯೋ, ನಮ್ಮ ಗದ್ದಲ ಹೆದರಿಕೆಯೋ ನೋಡಬೇಕು. ದಿನಾ ಒಂದೇ ಜಾಗದಲ್ಲಿ ಕೂಡಿಸಬೇಕು. ಏನಾದರೂ ಬದಲಾಗುವುದಿದ್ದರೆ ಮೊದಲೇ ಹೇಳಬೇಕು, ಮಾತು ತಿಳಿಯದಿದ್ದರೆ ಚಿತ್ರ ಬರೆದು ತೋರಿಸಬೇಕು. ಕೈ ಹಿಡಿದು ಜಗ್ಗಬಾರದು. ಇದಕ್ಕೆ ರೊಕ್ಕ ಬೇಕಾಗಿಲ್ಲ.

ಕಾನೂನೂ ಅವರ ಬೆನ್ನಿಗೆ ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ವೈಕಲ್ಯಗಳಿದ್ದವು, ಆಟಿಸಂ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ಇವೆ, ಆಟಿಸಂ ಕೂಡ ಸೇರಿದೆ. ಶೇಕಡಾ 40ರಷ್ಟು ವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಇದೆ. ಮಂದಿಯ ಎದುರಿಗೆ ಬೇಕೆಂತಲೇ ಅವಮಾನ ಮಾಡಿದವರಿಗೆ 6 ತಿಂಗಳಿಂದ 5 ವರ್ಷದವರೆಗೆ ಜೇಲು, ಮೇಲೆ ದಂಡ. ಕಟ್ಟೆಯ ಮೇಲೆ ಕೂತು ಕೂಗುವವರು ಇದನ್ನು ಎರಡು ಸಲ ಓದಲಿ!

ಗುರುಗಳಲ್ಲಿ ಮೂರು ವಿನಂತಿ. ನಮ್ಮ ಸಾಲಿಯ ಇಳಿಜಾರು ಕಟ್ಟೆಯನ್ನು ಈಗ ನಾವು ಸೈಕಲ್ ಹತ್ತಿಸಲಿಕ್ಕೆ ಬಳಸತೇವಿ. ಅದರ ತುದಿಯಲ್ಲಿ ಇನ್ನೂ ಒಂದು ಮೆಟ್ಟಿಲು ಉಳಿದದ, ಅದನ್ನು ಶ್ರಮದಾನದಲ್ಲಿ ತುಂಬಿಸೋಣ. ಎರಡನೆಯದು, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೂ, ತಾಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳ ಸಲುವಾಗಿಯೇ ಇರುವ ಶಿಕ್ಷಕರನ್ನೂ ಒಂದು ಶನಿವಾರ ಕರೆಸಿ, ನಮ್ಮ ಅವ್ವ ಅಪ್ಪಂದಿರಿಗೆ ತಿಳಿಸಿ ಹೇಳಿಸಬೇಕು.

ಮೂರನೆಯದು ವಿಜ್ಞಾನದ ಸರ್ ಅವರಿಗೆ. 2027ರ ಆಗಸ್ಟ್ 2, ಸೋಮವಾರ, ಸಂಜೆಯ ಹೊತ್ತಿಗೆ ನಮ್ಮ ಕಡೆ ಪಾರ್ಶ್ವ ಸೂರ್ಯಗ್ರಹಣ ಬೀಳುತ್ತದೆ. ಅಂದು ಸಾಲಿ ಬಿಟ್ಟ ಮೇಲೂ ನಮ್ಮನ್ನು ಮೈದಾನದಲ್ಲಿ ನಿಲ್ಲಿಸಿಕೊಳ್ಳಿರಿ. ಮನೆಯಲ್ಲಿ ಕೂತ ಮಕ್ಕಳಿಗೆ ನಾವು ಎರಡು ದಿನ ಮೊದಲೇ ಹೋಗಿ ಹೇಳಿ, ಅವರವರ ಹೆಸರು ಹಿಡಿದು ಕರೆದುಕೊಂಡು ಬರುತ್ತೇವೆ, ಅವರ ಮನೆಯವರನ್ನೂ. ಬರಿಗಣ್ಣಿನಿಂದ ಯಾರೂ ನೋಡುವುದು ಬೇಡ. ರಟ್ಟಿನಲ್ಲಿ ಸಣ್ಣ ತೂತು ಮಾಡಿ ಬಿಳಿ ಹಾಳೆಯ ಮೇಲೆ ಬಿಸಿಲು ಬೀಳಿಸಿದರೆ, ಅಂಚು ಕಚ್ಚಿದ ರೊಟ್ಟಿಯಂತೆ ಸೂರ್ಯ ಕಾಣುತ್ತಾನೆ. ಮೋಡ ಬಂದರೆ ಮಾತ್ರ ನಮ್ಮ ನಸೀಬ.

ಹತ್ತನೆಯ ವರ್ಗದ ಒಬ್ಬ ವಿದ್ಯಾರ್ಥಿನಿ